ತಂಬೋರಾ: ಅಗ್ನಿಪರ್ವತವೂ ಅಳಿದ ಭಾಷೆಯೂ

ಜ್ವಾಲಾಮುಖಿಗಳ ಚರಿತ್ರೆಯ ಪ್ರಸ್ತಾಪ ಬಂದೊಡನೆ ಸಾಮಾನ್ಯವಾಗಿ ಎರಡು ಹೆಸರುಗಳು ಕೇಳಿಬರುತ್ತವೆ. ಒಂದು, ಕ್ರಿ.ಶ. 79ರಲ್ಲಿ ಪೊಂಪೇ ನಗರವನ್ನು ಬೂದಿಯಲ್ಲಿ ಹೂಳಿದ ಇಟಲಿಯ ವೆಸೂವಿಯಸ್. ಇನ್ನೊಂದು, 1883ರಲ್ಲಿ ಸಿಡಿದ ಇಂಡೋನೇಷಿಯಾದ ಕ್ರಕಟೋವಾ. ಆದರೆ ಕಣ್ಣಾರೆ ಕಂಡವರ ದಾಖಲೆ ಉಳಿದಿರುವ ಸ್ಫೋಟಗಳಲ್ಲಿ ಅತಿ ದೊಡ್ಡದು ಈ ಎರಡೂ ಅಲ್ಲ. ಅದು 1815ರ ಏಪ್ರಿಲ್ ತಿಂಗಳಲ್ಲಿ ಸಂಭವಿಸಿದ ತಂಬೋರಾ ಪರ್ವತದ ಸ್ಫೋಟ. ಕ್ರಕಟೋವಾ ಸಿಡಿಯುವ ವೇಳೆಗೆ ಜಗತ್ತಿನಲ್ಲಿ ತಂತಿ ವ್ಯವಸ್ಥೆ ಹರಡಿತ್ತು; ಸುದ್ದಿ ಕೆಲವೇ ಗಂಟೆಗಳಲ್ಲಿ ಖಂಡಾಂತರಗಳನ್ನು ಮುಟ್ಟಿತು. ತಂಬೋರಾದ ಸುದ್ದಿ ಹಾಯಿಹಡಗಿನ ವೇಗದಲ್ಲಿ ಸಾಗಬೇಕಾಯಿತು. ಅದರ ಪರಿಣಾಮಗಳನ್ನು ಅನುಭವಿಸಿದ ದೂರದೇಶದ ಜನ ಒಂದು ಶತಮಾನದವರೆಗೂ ಅವುಗಳ ಕಾರಣವನ್ನು ಅರಿಯದೆ ಉಳಿದರು.

ಭೂಗೋಳದ ಈ ಸಂಗತಿಯನ್ನು ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ಪ್ರಸ್ತಾಪಿಸುವುದಕ್ಕೆ ಕಾರಣವಿದೆ. ಈ ಒಂದೇ ಸ್ಫೋಟದ ಫಲವಾಗಿ ಇಂಗ್ಲಿಷ್ ಭಾಷೆಗೆ ಜಗತ್ಪ್ರಸಿದ್ಧವಾದ ಒಂದು ಕಾದಂಬರಿ ಒದಗಲು ಅನುಕೂಲವಾದ ಸನ್ನಿವೇಶ ಉಂಟಾಯಿತು. ಇನ್ನೊಂದು ಭಾಷೆ ಸಮೂಲವಾಗಿ ನಾಶವಾಯಿತು. ಮೊದಲನೆಯದನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಎರಡನೆಯದನ್ನು ಬಲ್ಲವರು ವಿರಳ. ಭಾಷೆಯನ್ನು ಅಧ್ಯಯನದ ವಿಷಯವಾಗಿ ಆಯ್ದುಕೊಂಡವರು ಈ ಎರಡನ್ನೂ ಜೊತೆಯಾಗಿ ಅರಿಯಬೇಕಾದುದು ಅವಶ್ಯ.

ಪರ್ವತ ಮತ್ತು ಅದರ ಮಡಿಲಿನ ರಾಜ್ಯಗಳು

ಇಂದಿನ ಇಂಡೋನೇಷಿಯಾದಲ್ಲಿ, ಜಾವಾ ಮತ್ತು ಬಾಲಿ ದ್ವೀಪಗಳಿಗೆ ಪೂರ್ವದಲ್ಲಿ ಸುಂಬಾವಾ ಎಂಬ ದ್ವೀಪವಿದೆ. ಅದರ ಉತ್ತರಕ್ಕೆ ಚಾಚಿಕೊಂಡಿರುವ ಪರ್ಯಾಯದ್ವೀಪವೇ ತಂಬೋರಾ ಪರ್ವತದ ನೆಲೆ. ಸ್ಫೋಟಕ್ಕೆ ಮೊದಲು ಈ ಪರ್ವತ ಸುಮಾರು 4,300 ಮೀಟರ್ ಎತ್ತರವಿತ್ತೆಂದು ಅಂದಾಜು. ಹಡಗಿನವರಿಗೆ ಅದು ಬಹುದೂರದಿಂದ ಕಾಣುವ ಗುರುತಾಗಿತ್ತು. ಶತಮಾನಗಳಿಂದ ಮೌನವಾಗಿದ್ದ ಕಾರಣ ಅದನ್ನು ಅಗ್ನಿಪರ್ವತವೆಂದು ಸುತ್ತಲಿನ ಜನ ಭಾವಿಸಿರಲಿಲ್ಲ.

ಆ ಕಾಲದಲ್ಲಿ ಸುಂಬಾವಾ ದ್ವೀಪದಲ್ಲಿ ಸುಂಬಾವಾ, ದೊಂಪು, ಬೀಮಾ, ಸಂಗ್ಗರ್, ಪೆಕಾಟ್ ಮತ್ತು ತಂಬೋರಾ ಎಂಬ ಆರು ಸಣ್ಣ ರಾಜ್ಯಗಳಿದ್ದವು. ಕೊನೆಯ ಮೂರೂ ಪರ್ವತದ ಆಸುಪಾಸಿನಲ್ಲಿಯೇ ಇದ್ದವು. ಈ ಸೀಮೆಯಿಂದ ಕುದುರೆ, ಜೇನುತುಪ್ಪ ಮತ್ತು ಕೆಂಪುಬಣ್ಣ ತೆಗೆಯುವ ಸಪ್ಪಂಗದ ಮರ ಹೊರನಾಡುಗಳಿಗೆ ಹೋಗುತ್ತಿದ್ದವು. ತಂಬೋರಾ ರಾಜ್ಯದ ಜನರು ಆಡುತ್ತಿದ್ದ ಮಾತು ನೆರೆಯ ರಾಜ್ಯಗಳ ಮಾತಿಗಿಂತ ಬೇರೆಯಾಗಿತ್ತು. ಎಷ್ಟು ಬೇರೆ ಎಂಬುದನ್ನು ಮುಂದೆ ನೋಡೋಣ.

ಸ್ಫೋಟದ ಹಿಂದಿನ ಕಾರಣ

ಭೂಮಿಯ ಹೊರಪದರವು ಅನೇಕ ಫಲಕಗಳಾಗಿ ಒಡೆದಿದೆ. ಸುಮಾತ್ರಾದಿಂದ ಜಾವಾ, ಬಾಲಿಗಳ ಮೂಲಕ ಸುಂಬಾವಾದ ಆಚೆಯವರೆಗೆ ದ್ವೀಪಗಳ ದಕ್ಷಿಣಕ್ಕೆ ಸಮುದ್ರದ ಅಡಿಯಲ್ಲಿ ಒಂದು ಫಲಕವು ಇನ್ನೊಂದರ ಕೆಳಗೆ ಜಾರುತ್ತಿದೆ. ಹೀಗೆ ಕೆಳಗಿಳಿಯುವ ಫಲಕ ತನ್ನೊಡನೆ ನೀರನ್ನೂ ಒಯ್ಯುತ್ತದೆ. ಆಳದ ಬಿಸಿಯಲ್ಲಿ ಆ ನೀರು ಹೊರಬಿದ್ದು ಮೇಲಿನ ಬಂಡೆಯನ್ನು ಸೇರಿದಾಗ ಬಂಡೆ ಸುಲಭವಾಗಿ ಕರಗುತ್ತದೆ. ಕರಗಿದ ಈ ದ್ರವವೇ ಶಿಲಾರಸ. ಅದು ಮೇಲೇರಿ ಪರ್ವತದ ಬುಡದಲ್ಲಿ ಶೇಖರವಾಗುತ್ತದೆ. ನೆಲದ ಮೇಲೆ ಹರಿದುಬಂದಾಗ ಅದನ್ನೇ ಲಾವಾರಸವೆನ್ನುತ್ತೇವೆ.

ಎಲ್ಲ ಶಿಲಾರಸವೂ ಒಂದೇ ಬಗೆಯದಲ್ಲ. ಒಲೆಯ ಮೇಲೆ ತೆಳುವಾದ ಅಂಬಲಿ ಕುದಿಯುವಾಗ ಗುಳ್ಳೆಗಳು ಸದ್ದಿಲ್ಲದೆ ಒಡೆಯುತ್ತವೆ. ಜೋಳದ ನುಚ್ಚು ಗಟ್ಟಿಯಾಗುತ್ತ ಕುದಿಯುವಾಗ ಅದೇ ಗುಳ್ಳೆ ಸಿಡಿದು ಕೈಸುಡುತ್ತದೆ. ಶಿಲಾರಸದ ವಿಷಯವೂ ಹೀಗೆಯೇ. ತೆಳುವಾಗಿದ್ದರೆ ಅದರೊಳಗಿನ ಅನಿಲ ಸುಲಭವಾಗಿ ಹೊರಟುಹೋಗಿ ಲಾವಾರಸ ಹರಿಯುತ್ತದೆ. ಅಂಟಾಗಿದ್ದರೆ ಅನಿಲ ಒಳಗೇ ಸಿಕ್ಕಿಕೊಂಡು ಒತ್ತಡ ಏರುತ್ತ, ಮೇಲಿನ ಮುಚ್ಚಳ ತಾಳಲಾರದ ಕ್ಷಣದಲ್ಲಿ ಶಿಲಾರಸವನ್ನೇ ಪುಡಿಪುಡಿ ಮಾಡಿ ಹೊರಚಿಮ್ಮುತ್ತದೆ.

ಮೊದಲ ಬಗೆಗೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ಸೋಲಾಪುರ, ಅಕ್ಕಲಕೋಟೆ, ಜತ್ತಗಳ ಎರೆಭೂಮಿಯ ಕೆಳಗಿರುವ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾರಸವೇ ಆಗಿದೆ. ಅದು ಯುಗಯುಗಗಳಲ್ಲಿ ಸವೆದು ನಮ್ಮ ಜೋಳಕ್ಕೆ ಮಣ್ಣಾಯಿತು. ತಂಬೋರಾ ಎರಡನೆಯ ಬಗೆಯದು. 1812ರಿಂದಲೇ ಅದರ ಒಳಗಿನಿಂದ ಗುಡುಗಿನಂಥ ಸದ್ದು ಕೇಳತೊಡಗಿತ್ತು.

1815ರ ಏಪ್ರಿಲ್

ಏಪ್ರಿಲ್ 5ರ ಸಂಜೆ ಮೊದಲ ಮಹಾಸ್ಫೋಟವಾಯಿತು. ಆಗ ಜಾವಾ ದ್ವೀಪ ಬ್ರಿಟಿಷರ ವಶದಲ್ಲಿತ್ತು. ಸ್ಟಾಂಫರ್ಡ್ ರ‍್ಯಾಫಲ್ಸ್ ಅಲ್ಲಿಯ ಲೆಫ್ಟಿನೆಂಟ್ ಗವರ್ನರ್ ಆಗಿದ್ದನು. ಸದ್ದನ್ನು ಕೇಳಿದ ಜಾವಾದ ಅಧಿಕಾರಿಗಳು ಎಲ್ಲಿಯೋ ಫಿರಂಗಿ ಹಾರುತ್ತಿದೆ ಎಂದುಕೊಂಡರು. ಯೋಗ್ಯಕರ್ತದಲ್ಲಿ ನೆರೆಯ ಠಾಣ್ಯದ ಮೇಲೆ ದಾಳಿಯಾಗಿದೆಯೆಂದು ಭಾವಿಸಿ ಸೈನ್ಯವನ್ನೇ ಹೊರಡಿಸಲಾಯಿತು. ಕರಾವಳಿಯಲ್ಲಿ, ಯಾವುದೋ ಹಡಗು ಅಪಾಯದಲ್ಲಿದೆಯೆಂದು ದೋಣಿಗಳನ್ನು ಕಳುಹಿಸಲಾಯಿತು. ಮರುದಿನ ಬೂದಿ ಉದುರತೊಡಗಿದ ಮೇಲೆಯೇ ಇದು ಅಗ್ನಿಪರ್ವತದ ಕೆಲಸವೆಂದು ತಿಳಿದದ್ದು. ಆಗಲೂ ಜನ ಜಾವಾದಲ್ಲಿಯೇ ಇರುವ ಯಾವುದೋ ಪರ್ವತವನ್ನು ಶಂಕಿಸಿದರು.

ಏಪ್ರಿಲ್ 10ರ ಸಂಜೆ ಏಳು ಗಂಟೆಯ ಸುಮಾರಿಗೆ ಮುಖ್ಯ ಸ್ಫೋಟ ಆರಂಭವಾಯಿತು. ಅದನ್ನು ಹತ್ತಿರದಿಂದ ಕಂಡು ಬದುಕುಳಿದವರಲ್ಲಿ ಸಂಗ್ಗರಿನ ರಾಜನೂ ಒಬ್ಬನು. ಪರ್ವತದ ತುದಿಯಿಂದ ಮೂರು ಬೆಂಕಿಯ ಕಂಬಗಳು ಬೇರೆಬೇರೆಯಾಗಿ ಮೇಲೆದ್ದು ಆಕಾಶದಲ್ಲಿ ಒಂದಾದವು; ಸ್ವಲ್ಪ ಹೊತ್ತಿನಲ್ಲಿ ಇಡೀ ಪರ್ವತವೇ ಹರಿಯುವ ಬೆಂಕಿಯಂತೆ ಕಂಡಿತು; ಎಂಟು ಗಂಟೆಯ ವೇಳೆಗೆ ಬೂದಿ ಕವಿದು ಏನೂ ಕಾಣದಾಯಿತು. ಕಲ್ಲುಗಳ ಮಳೆಯಾಯಿತು. ಬಳಿಕ ಎದ್ದ ಸುಂಟರಗಾಳಿ ಸಂಗ್ಗರಿನ ಬಹುತೇಕ ಮನೆಗಳನ್ನು ಕೆಡವಿ, ಮರಗಳನ್ನು ಬೇರುಸಹಿತ ಕಿತ್ತು, ಜನ ದನಗಳನ್ನು ಎತ್ತಿಕೊಂಡು ಹೋಯಿತು. ಸಮುದ್ರ ಹಿಂದೆಂದೂ ಕಾಣದಷ್ಟು ಮೇಲೇರಿ ಗದ್ದೆಗಳನ್ನು ನುಂಗಿತು. ಇವು ರಾಜನು ಹೇಳಿದ ಸಂಗತಿಗಳು.

ಅವನು ಕಂಡದ್ದನ್ನು ಇಂದಿನ ವಿಜ್ಞಾನ ಹೀಗೆ ವಿವರಿಸುತ್ತದೆ. ಬೂದಿ ಮತ್ತು ಅನಿಲದ ಕಂಬ ಸುಮಾರು 43 ಕಿಲೋಮೀಟರ್ ಎತ್ತರಕ್ಕೆ ಏರಿತು. ಆ ಕಂಬವನ್ನು ಎತ್ತಿಹಿಡಿದ ಒತ್ತಡ ಕುಗ್ಗಿದಾಗ ಅದು ಕುಸಿದು, ಕಾದ ಅನಿಲ, ಬೂದಿ, ಕಲ್ಲುಚೂರುಗಳ ಪ್ರವಾಹವಾಗಿ ಪರ್ವತದ ಎಲ್ಲ ದಿಕ್ಕುಗಳಿಗೂ ನುಗ್ಗಿತು. ಲಾವಾರಸದಿಂದ ಓಡಿ ಪಾರಾಗಬಹುದು. ಈ ಪ್ರವಾಹದ ವೇಗದ ಮುಂದೆ ಕುದುರೆಯೂ ಓಡಲಾರದು. ತಂಬೋರಾ ಮತ್ತು ಪೆಕಾಟ್ ರಾಜ್ಯಗಳನ್ನು ಅಳಿಸಿದ್ದು ಈ ಪ್ರವಾಹವೇ. ಒಡಲಿನ ಶಿಲಾರಸವೆಲ್ಲ ಬರಿದಾದ ಮೇಲೆ ಪರ್ವತದ ಮೇಲ್ಭಾಗ ಆಧಾರವಿಲ್ಲದೆ ಒಳಗೆ ಕುಸಿಯಿತು. ಇಂದು ತಂಬೋರಾದ ಎತ್ತರ ಸುಮಾರು 2,850 ಮೀಟರ್ ಮಾತ್ರ. ತುದಿಯಲ್ಲಿ ಆರು ಕಿಲೋಮೀಟರಿಗೂ ಅಗಲವಾದ ಕುಳಿಯಿದೆ. ಹೊರಬಿದ್ದ ಬೂದಿ ಮತ್ತು ಕಲ್ಲಿನ ಪರಿಮಾಣ ನೂರು ಘನ ಕಿಲೋಮೀಟರಿಗೂ ಅಧಿಕ.

ಸ್ಫೋಟದ ಸದ್ದು ಎರಡು ಸಾವಿರ ಕಿಲೋಮೀಟರಿಗೂ ದೂರದ ಸುಮಾತ್ರಾದಲ್ಲಿ ಕೇಳಿಸಿತು. ನೂರಾರು ಕಿಲೋಮೀಟರ್ ಆಚೆಯ ಮದುರಾದಂಥ ದ್ವೀಪಗಳಲ್ಲಿಯೂ ಹಗಲು ರಾತ್ರಿಯಾಯಿತು. ನೀರಿನಲ್ಲಿ ತೇಲುವ ರಂಧ್ರಮಯ ಕಲ್ಲುಗಳೂ ಸುಟ್ಟ ಮರದ ದಿಮ್ಮಿಗಳೂ ಸಮುದ್ರವನ್ನು ಮುಚ್ಚಿ ಹಡಗುಗಳ ಸಂಚಾರಕ್ಕೆ ಅಡ್ಡಿಯಾದವು.

ಬೆಂಕಿಯ ನಂತರದ ಹಸಿವು

ಸ್ಫೋಟದಲ್ಲಿ ನೇರವಾಗಿ ಸತ್ತವರು ಸುಮಾರು ಹತ್ತು ಸಾವಿರ ಮಂದಿ ಎಂದು ಅಂದಾಜು. ಆದರೆ ಸುಂಬಾವಾ ಮತ್ತು ನೆರೆಯ ಲೊಂಬೊಕ್ ದ್ವೀಪಗಳಲ್ಲಿ ಒಟ್ಟು ಸತ್ತವರ ಸಂಖ್ಯೆ ಎಪ್ಪತ್ತು ಸಾವಿರಕ್ಕಿಂತ ಹೆಚ್ಚೆಂದು ಬಹುತೇಕ ವಿದ್ವಾಂಸರ ಅಭಿಮತ. ಅಂದರೆ ಬೆಂಕಿಗಿಂತ ಅನೇಕ ಪಟ್ಟು ಜನರನ್ನು ಕೊಂದದ್ದು ಹಸಿವು ಮತ್ತು ರೋಗ. ದಪ್ಪನೆಯ ಬೂದಿ ಭತ್ತದ ಗದ್ದೆಗಳನ್ನು ಮುಚ್ಚಿತು. ಕುಡಿಯುವ ನೀರು ಕೆಟ್ಟಿತು. ಮೇವಿಲ್ಲದೆ ದನಕುದುರೆಗಳು ಸತ್ತವು. ಅಳಿದುಳಿದವರು ಬಾಲಿ, ಜಾವಾ, ಸುಲಾವೆಸಿ ದ್ವೀಪಗಳಿಗೆ ವಲಸೆ ಹೋದರು. ಅನ್ನಕ್ಕಾಗಿ ಮಕ್ಕಳನ್ನು ಮಾರಿದವರೂ, ತಮ್ಮನ್ನೇ ಮಾರಿಕೊಂಡವರೂ ಇದ್ದರು.

ರ‍್ಯಾಫಲ್ಸ್ ಅಕ್ಕಿ ತುಂಬಿದ ಹಡಗಿನೊಡನೆ ಓವೆನ್ ಫಿಲಿಪ್ಸ್ ಎಂಬ ಲೆಫ್ಟಿನೆಂಟನನ್ನು ಸುಂಬಾವಾಕ್ಕೆ ಕಳುಹಿಸಿದನು. ದಾರಿಯುದ್ದಕ್ಕೂ ಹೆಣಗಳೂ ಪಾಳುಬಿದ್ದ ಊರುಗಳೂ ಕಂಡವೆಂದು ಅವನು ವರದಿ ಮಾಡಿದನು. ಸಂಗ್ಗರಿನ ರಾಜನನ್ನು ಭೇಟಿಯಾಗಿ ಮೇಲಿನ ವೃತ್ತಾಂತವನ್ನು ಬರೆದುಕೊಂಡವನೂ ಇವನೇ. ರಾಜನ ಒಬ್ಬ ಮಗಳೇ ಹಸಿವಿನಿಂದ ಸತ್ತಿದ್ದಳೆಂಬುದು ಆ ವರದಿಯಲ್ಲಿದೆ. ಅರಮನೆಯ ಸ್ಥಿತಿಯೇ ಇದಾದರೆ ಉಳಿದವರದನ್ನು ಊಹಿಸಬಹುದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ರಾಜನ ಸಾಕ್ಷ್ಯ ನಮಗೆ ದೊರೆತಿರುವುದು ಅವನ ಮಾತಿನಲ್ಲಿ ಅಲ್ಲ, ಫಿಲಿಪ್ಸನ ಇಂಗ್ಲಿಷಿನಲ್ಲಿ. ಬೆಂಕಿಗೆ, ಬೂದಿಗೆ, ಕವಿದ ಕತ್ತಲೆಗೆ ಅವನು ಯಾವ ಪದಗಳನ್ನು ಬಳಸಿದನೆಂಬುದು ದಾಖಲಾಗಿಲ್ಲ. ಅವನ ರಾಜ್ಯದ ಪಶ್ಚಿಮಕ್ಕಿದ್ದ ತಂಬೋರಾದಿಂದಲಾದರೋ ಅನುವಾದವೂ ಉಳಿಯಲಿಲ್ಲ.

ಬೇಸಿಗೆಯಿಲ್ಲದ ವರ್ಷ

ಬೂದಿ ಭಾರವಾದದ್ದು, ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ನೆಲ ಸೇರುತ್ತದೆ. ಜಗತ್ತಿನ ಹವೆಯನ್ನು ಕೆಡಿಸಿದ್ದು ಬೂದಿಯಲ್ಲ, ಗಂಧಕ. ಸುಮಾರು ಆರು ಕೋಟಿ ಟನ್ ಗಂಧಕದ ಡೈಆಕ್ಸೈಡ್ ಅನಿಲವು ಮೋಡಗಳಿಗಿಂತ ಮೇಲಿನ ಸಮೋಷ್ಣಮಂಡಲವನ್ನು ಸೇರಿತು. ಅಲ್ಲಿ ಅದು ನೀರಿನ ಆವಿಯೊಡನೆ ಕೂಡಿ ಗಂಧಕಾಮ್ಲದ ಅತಿಸೂಕ್ಷ್ಮ ಹನಿಗಳಾಯಿತು. ಆ ಎತ್ತರದಲ್ಲಿ ಮಳೆಯಿಲ್ಲದ ಕಾರಣ ಹನಿಗಳು ತೊಳೆದುಹೋಗುವುದಿಲ್ಲ. ಒಂದೆರಡು ವರ್ಷ ಭೂಮಿಯನ್ನು ಸುತ್ತುತ್ತ ಸೂರ್ಯನ ಬೆಳಕಿನ ಒಂದು ಪಾಲನ್ನು ಹಿಂದಕ್ಕೆ ಚದುರಿಸುತ್ತವೆ. ಪರಿಣಾಮವಾಗಿ ಭೂಮಿಯ ಸರಾಸರಿ ಉಷ್ಣತೆ ಸುಮಾರು 0.4ರಿಂದ 0.7 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯಿತು. ಅಂಕೆ ಸಣ್ಣದೆಂದು ಕಂಡೀತು. ಆದರೆ ಅದು ಸಮನಾಗಿ ಹಂಚಿಹೋಗಲಿಲ್ಲ. ಕೆಲವು ಸೀಮೆಗಳಲ್ಲಿ ಬೆಳೆ ಮಾಗುವ ತಿಂಗಳುಗಳೇ ಕೆಟ್ಟವು.

ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ 1816ನ್ನು ‘ಬೇಸಿಗೆಯಿಲ್ಲದ ವರ್ಷ’ವೆಂದು ಕರೆಯುತ್ತಾರೆ. ಸೋಲಾಪುರದ ಬಿಸಿಲಿನಲ್ಲಿ ಬೆಳೆದ ನಮಗೆ ಈ ಹೆಸರು ವರದಾನದಂತೆ ಕೇಳಿಸಬಹುದು. ಆದರೆ ಆ ಶೀತದೇಶಗಳಲ್ಲಿ ಬೇಸಿಗೆಯೇ ಬೆಳೆಗಾಲ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಜೂನ್ ತಿಂಗಳಿನಲ್ಲಿ ಹಿಮ ಬಿದ್ದಿತು. ಜುಲೈ, ಆಗಸ್ಟ್ ತಿಂಗಳುಗಳಲ್ಲಿಯೂ ಮಂಜುಗಟ್ಟಿ ಮೆಕ್ಕೆಜೋಳ ನಾಶವಾಯಿತು. ಪಶ್ಚಿಮ ಯುರೋಪಿನಲ್ಲಿ ಮಳೆ ನಿಲ್ಲಲಿಲ್ಲ. ಗೋದಿ ಹೊಲದಲ್ಲಿಯೇ ಕೊಳೆಯಿತು. ನೆಪೋಲಿಯನ್ನನ ಯುದ್ಧಗಳಿಂದ ಆಗಲೇ ಸೊರಗಿದ್ದ ದೇಶಗಳಲ್ಲಿ ರೊಟ್ಟಿಗಾಗಿ ದಂಗೆಗಳೆದ್ದವು. ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯಲ್ಲಿ 1817 ಬರಗಾಲದ ವರ್ಷವಾಯಿತು. ಅಯರ್ಲೆಂಡಿನಲ್ಲಿ ಹಸಿವಿನ ಬೆನ್ನಿಗೆ ಟೈಫಸ್ ಜ್ವರ ಹರಡಿತು. ಈ ಅನುಭವದ ಫಲವಾಗಿಯೇ ಜರ್ಮನಿಯ ವ್ಯೂರ್ಟೆಂಬರ್ಗಿನ ದೊರೆ 1818ರಲ್ಲಿ ಹೋಹೆನ್‌ಹೈಮ್ ಎಂಬಲ್ಲಿ ಕೃಷಿವಿದ್ಯಾಲಯವನ್ನು ಸ್ಥಾಪಿಸಿದನು; ಅದು ಇಂದಿಗೂ ವಿಶ್ವವಿದ್ಯಾಲಯವಾಗಿ ನಡೆಯುತ್ತಿದೆ.

ಏಷ್ಯಾದಲ್ಲಿಯೂ ಪರಿಣಾಮ ಕಠೋರವಾಗಿತ್ತು. ಚೀನಾದ ಯುನ್ನಾನ್ ಪ್ರಾಂತದಲ್ಲಿ ಶೀತದಿಂದ ಭತ್ತ ಕಾಳುಕಟ್ಟದೆ ಭೀಕರ ಕ್ಷಾಮ ತಲೆದೋರಿತು. ಭಾರತದಲ್ಲಿ ಮುಂಗಾರಿನ ಕ್ರಮ ತಪ್ಪಿತು. ನೆಲ ಮತ್ತು ಸಮುದ್ರಗಳ ಉಷ್ಣತೆಯ ಅಂತರವೇ ಮುಂಗಾರಿನ ಚಾಲಕಶಕ್ತಿ. ಬಿಸಿಲು ಕುಂದಿದರೆ ನೆಲ ಸಾಕಷ್ಟು ಕಾಯುವುದಿಲ್ಲ, ಅಂತರ ಕಡಿಮೆಯಾಗಿ ಮಳೆಗಾಳಿ ದುರ್ಬಲವಾಗುತ್ತದೆ. 1817ರಲ್ಲಿ ಬಂಗಾಳದ ಜೆಸ್ಸೋರ್ ಸೀಮೆಯಲ್ಲಿ ಕಾಲರಾ ಹೊಸ ರೌದ್ರದಿಂದ ಕಾಣಿಸಿಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ಬುಂದೇಲಖಂಡದಲ್ಲಿ ಬೀಡುಬಿಟ್ಟಿದ್ದ ಗವರ್ನರ್ ಜನರಲ್ ಹೇಸ್ಟಿಂಗ್ಸನ ಸೈನ್ಯದಲ್ಲಿ ಸಾವಿರಾರು ಜನರನ್ನು ಕೊಂದು, 1818ರಲ್ಲಿ ದಖ್ಖನ್ನನ್ನು ಪ್ರವೇಶಿಸಿತು. ಮರಾಠಿಯಲ್ಲಿ ‘ಪಟಕೀ’ ಎಂದು ಕರೆಯುವ ಈ ರೋಗ ಮುಂದೆ ಜಗತ್ತನ್ನೇ ಸುತ್ತಿತು. ಕೆಟ್ಟ ಮುಂಗಾರು ಈ ಹರಡುವಿಕೆಗೆ ನೆರವಾಯಿತೆಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಸೈನ್ಯ ಮತ್ತು ವ್ಯಾಪಾರಗಳ ಸಂಚಾರವೇ ಮುಖ್ಯ ಕಾರಣವೆಂದು ಬೇರೆಯವರ ಮತ. ಹಿಮ ಬಿದ್ದದ್ದಕ್ಕೂ ತಂಬೋರಾಕ್ಕೂ ಇರುವಷ್ಟು ದೃಢವಾದ ಸಂಬಂಧವನ್ನು ಇಲ್ಲಿ ಹೇಳಲಾಗದು. ಪರೀಕ್ಷೆಯಲ್ಲಿ ಬರೆಯುವಾಗಲೂ ಈ ವ್ಯತ್ಯಾಸವನ್ನು ಉಳಿಸಿಕೊಳ್ಳುವುದು ಉಚಿತ.

ಆ ಕಾಲದ ಯಾರೂ ಹವೆಯ ಈ ವಿಕಾರಕ್ಕೆ ಸುಂಬಾವಾದ ಪರ್ವತವನ್ನು ಹೊಣೆಮಾಡಲಿಲ್ಲ. ಬರಿಗಣ್ಣಿಗೆ ಸೂರ್ಯನ ಮೇಲೆ ಕಲೆಗಳು ಕಂಡ ಕಾರಣ ಸೂರ್ಯನೇ ನಂದುತ್ತಿದ್ದಾನೆಂದು ಹಲವರು ಹೆದರಿದರು. ವಾಸ್ತವವಾಗಿ ಕಲೆಗಳು ಹಾಗೆ ಕಾಣಲು ಕಾರಣ, ಆಕಾಶದ ಮುಸುಕು ಸೂರ್ಯನ ಪ್ರಖರತೆಯನ್ನು ತಗ್ಗಿಸಿದ್ದು. 20ನೆಯ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದ ಹವಾವಿಜ್ಞಾನಿ ವಿಲಿಯಂ ಹಂಫ್ರೀಸ್ 1816ರ ಶೀತವನ್ನೂ ತಂಬೋರಾವನ್ನೂ ಜೋಡಿಸಿದನು. ಬಳಿಕ ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕದ ಹಿಮವನ್ನು ಆಳಕ್ಕೆ ಕೊರೆದು ತೆಗೆದಾಗ, ಆ ವರ್ಷಗಳ ಪದರದಲ್ಲಿ ಗಂಧಕದ ಗುರುತು ದೊರೆಯಿತು. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿದು ಮುಂದಿನ ವರ್ಷ ಭೂಮಿ ಅರ್ಧ ಡಿಗ್ರಿಯಷ್ಟು ತಂಪಾದುದನ್ನು ಉಪಗ್ರಹಗಳ ನೆರವಿನಿಂದ ಅಳೆದ ಮೇಲೆ ಈ ವಿವರಣೆ ಇನ್ನಷ್ಟು ಗಟ್ಟಿಯಾಯಿತು.

ಸಾಹಿತ್ಯದಲ್ಲಿ ಉಳಿದ ಕತ್ತಲೆ

1816ರ ಜೂನ್ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಂಡೆಯಲ್ಲಿ ಕೆಲವು ಇಂಗ್ಲಿಷ್ ಯಾತ್ರಿಕರು ತಂಗಿದ್ದರು. ಕವಿ ಬೈರನ್, ಅವನ ವೈದ್ಯ ಪೊಲಿಡೋರಿ, ಕವಿ ಶೆಲ್ಲಿ, ಅವನ ಸಂಗಾತಿಯಾಗಿದ್ದ ಹದಿನೆಂಟರ ತರುಣಿ ಮೇರಿ ಮತ್ತು ಆಕೆಯ ಮಲತಂಗಿ ಕ್ಲೇರ್ ಆ ಗುಂಪಿನಲ್ಲಿದ್ದರು. ಎಡೆಬಿಡದ ಮಳೆ ಅವರನ್ನು ಮನೆಯೊಳಗೆ ಕೂಡಿಹಾಕಿತು. ಪ್ರತಿಯೊಬ್ಬರೂ ಒಂದೊಂದು ಭೂತಕಥೆ ಬರೆಯಬೇಕೆಂದು ಬೈರನ್ ಸೂಚಿಸಿದನು. ಮೇರಿಯ ಕಥೆ ಬೆಳೆದು 1818ರಲ್ಲಿ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯಾಗಿ ಪ್ರಕಟವಾಯಿತು. ಪೊಲಿಡೋರಿಯ ‘ದಿ ವ್ಯಾಂಪೈರ್’ 1819ರಲ್ಲಿ ಬಂದಿತು. ಅದೇ ಬೇಸಿಗೆಯಲ್ಲಿ ಬೈರನ್, ಸೂರ್ಯನು ನಂದಿಹೋದ ಭೂಮಿಯನ್ನು ಕಲ್ಪಿಸಿ ‘ಡಾರ್ಕ್‌ನೆಸ್’ ಎಂಬ ಕವಿತೆಯನ್ನು ಬರೆದನು. ಯುನ್ನಾನಿನಲ್ಲಿ ಲಿ ಯುಯಾಂಗ್ ಎಂಬ ಕವಿ ಹಸಿದ ತನ್ನ ನಾಡಿನ ಜನರನ್ನು ಕುರಿತು ಕವಿತೆಗಳನ್ನು ರಚಿಸಿದನು. ಇವರಲ್ಲಿ ಯಾರಿಗೂ ತಂಬೋರಾ ಕಾರಣವೆಂಬುದು ಗೊತ್ತಿರಲಿಲ್ಲ.

ಅಗ್ನಿಪರ್ವತವೇ ಕಾದಂಬರಿಯನ್ನು ಬರೆಯಿತೆಂದು ಇದರಿಂದ ತೀರ್ಮಾನಿಸಬಾರದು. ಆ ವರ್ಷ ಲಕ್ಷಾಂತರ ಜನ ಅದೇ ಮಳೆಯಲ್ಲಿ ತೊಯ್ದರು. ಕೃತಿ ಹುಟ್ಟಿದ್ದು ಮೇರಿಯ ಓದು, ದುಃಖ ಮತ್ತು ಪ್ರತಿಭೆಗಳಿಂದ. ಆದರೆ ಕೃತಿಯ ಮೇಲೆ ಯಾವ ಆಕಾಶವಿತ್ತು ಎಂಬುದನ್ನು ಅರಿತರೆ, ಅದರಲ್ಲಿನ ಹಿಮ, ಗುಡುಗು, ಕತ್ತಲೆಗಳು ಅಲಂಕಾರ ಮಾತ್ರವಲ್ಲವೆಂದು ತಿಳಿಯುತ್ತದೆ. ನಮ್ಮಲ್ಲಿಯೂ ಬರಗಾಲಗಳ ನೆನಪು ಲಾವಣಿ, ಗೀಗೀಪದ, ಬೀಸುವ ಪದಗಳಲ್ಲಿ ಉಳಿದು ಬಂದಿದೆ. ಹಾಡಿದವರ ಭಾಷೆ ಉಳಿದುದರಿಂದ ಹಾಡೂ ಉಳಿಯಿತು.

ಪದಪಟ್ಟಿಯೊಂದೇ ಉಳಿದ ಭಾಷೆ

ಈಗ ತಂಬೋರಾದ ಭಾಷೆಗೆ ಬರೋಣ. ರ‍್ಯಾಫಲ್ಸನಿಗೆ ಭಾಷೆಗಳಲ್ಲಿ ಆಸಕ್ತಿಯಿತ್ತು. ದ್ವೀಪಗಳ ನಾನಾ ಭಾಷೆಗಳ ಪದಗಳನ್ನು ಸಂಗ್ರಹಿಸಿ, 1817ರಲ್ಲಿ ಪ್ರಕಟವಾದ ತನ್ನ ಜಾವಾ ಚರಿತ್ರೆಯ ಗ್ರಂಥದಲ್ಲಿ ಅನುಬಂಧವಾಗಿ ಸೇರಿಸಿದನು. ಅದರಲ್ಲಿ ತಂಬೋರಾ ಭಾಷೆಯ ಒಂದು ಪಟ್ಟಿಯೂ ಇದೆ. ಪುಸ್ತಕ ಅಚ್ಚಾಗುವ ವೇಳೆಗೆ ಆ ಮಾತನ್ನಾಡುವ ಸಮುದಾಯವೇ ಇರಲಿಲ್ಲ.

ಈ ಬಗೆಯ ಸಂಗ್ರಹಕಾರ್ಯಕ್ಕೂ ಕನ್ನಡಕ್ಕೂ ಒಂದು ನಂಟಿದೆ. ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸೀಮೆಯನ್ನು ಮೋಜಣಿ ಮಾಡಿ, ಕನ್ನಡದ ಶಾಸನ, ಹಸ್ತಪ್ರತಿ, ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಜಿ 1811ರ ಬ್ರಿಟಿಷ್ ದಂಡಯಾತ್ರೆಯೊಡನೆ ಜಾವಾಕ್ಕೆ ಹೋಗಿ 1813ರವರೆಗೆ ಅಲ್ಲಿದ್ದನು. ಅಲ್ಲಿಯೂ ಹಸ್ತಪ್ರತಿಗಳನ್ನೂ ಪ್ರಾಚೀನ ವಸ್ತುಗಳನ್ನೂ ಕೂಡಿಸಿದನು. ನಮ್ಮ ಗ್ರಾಮಚರಿತ್ರೆಗಳನ್ನು ಕಾಗದಕ್ಕಿಳಿಸಿದ ಆಡಳಿತದ ಕುತೂಹಲವೇ ಸುಂಬಾವಾದ ಪದಗಳನ್ನೂ ಕಾಗದಕ್ಕಿಳಿಸಿತು. ಅದರ ಹಿಂದೆ ರಾಜ್ಯವಾಳುವ ಸ್ವಾರ್ಥವಿತ್ತು. ಆದರೂ ಆ ಕಾಗದವಿಲ್ಲದಿದ್ದರೆ ತಂಬೋರಾ ಭಾಷೆಯೊಂದಿತ್ತೆಂಬುದಕ್ಕೆ ಪುರಾವೆಯೇ ಇರುತ್ತಿರಲಿಲ್ಲ.

ಪಟ್ಟಿಯಲ್ಲಿರುವ ಪದಗಳು ಐವತ್ತಕ್ಕೂ ಕಡಿಮೆ. ಎಣಿಕೆಯ ಪದಗಳು, ದೇಹದ ಅಂಗಗಳು, ನೀರು, ಬೆಂಕಿ, ಸೂರ್ಯ, ಚಂದ್ರ ಮೊದಲಾದ ಮೂಲಪದಗಳು ಅಲ್ಲಿವೆ. ಅಷ್ಟರಿಂದ ಏನು ತಿಳಿದೀತು? ನೀವು ಓದುವ ತೌಲನಿಕ ಭಾಷಾವಿಜ್ಞಾನ ಇಲ್ಲಿಯೇ ಉಪಯೋಗಕ್ಕೆ ಬರುತ್ತದೆ. ಕನ್ನಡದ ಐದು, ತೆಲುಗಿನ ಐದು, ತಮಿಳಿನ ಐಂದು ಒಂದೇ ಬೇರಿನವು. ನಾವು ನಿತ್ಯ ಕೇಳುವ ಮರಾಠಿಯ ಪಾಚ್ ಬೇರೆ ಕುಲದ್ದು. ನೂರಾರು ವರ್ಷ ಒಂದೇ ಓಣಿಯಲ್ಲಿ ಬಾಳಿ, ಪರಸ್ಪರ ಎಷ್ಟೋ ಪದಗಳನ್ನು ಕೊಟ್ಟು ತೆಗೆದುಕೊಂಡರೂ ಕನ್ನಡ ಮರಾಠಿಗಳ ಎಣಿಕೆಯ ಪದಗಳು ಬೆರೆಯಲಿಲ್ಲ. ಇಂಥ ಮೂಲಪದಗಳ ಹೋಲಿಕೆಯಿಂದಲೇ 1816ರಲ್ಲಿ, ಅಂದರೆ ಆ ಬೇಸಿಗೆಯಿಲ್ಲದ ವರ್ಷದಲ್ಲಿಯೇ, ಮದ್ರಾಸಿನ ಎಫ್.ಡಬ್ಲ್ಯು. ಎಲ್ಲಿಸ್ ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಬೇರೆಯೇ ಒಂದು ಕುಟುಂಬಕ್ಕೆ ಸೇರಿದವು ಎಂದು ಪ್ರತಿಪಾದಿಸಿದನು. ಕಾಲ್ಡ್‌ವೆಲ್ಲನ ಪ್ರಸಿದ್ಧ ಗ್ರಂಥ ಬಂದದ್ದು 40 ವರ್ಷಗಳ ಅನಂತರ, 1856ರಲ್ಲಿ.

ಅದೇ ಮಾನದಂಡವನ್ನು ತಂಬೋರಾದ ಪಟ್ಟಿಗೆ ಅನ್ವಯಿಸಿದರೆ ಅಚ್ಚರಿಯ ಸಂಗತಿ ಹೊರಬೀಳುತ್ತದೆ. ಮಲಯ ಭಾಷೆಯಲ್ಲಿ ಐದಕ್ಕೆ ‘ಲಿಮ’ ಎನ್ನುತ್ತಾರೆ. ಸುಂಬಾವಾದ ಎರಡು ಪ್ರಮುಖ ಭಾಷೆಗಳಲ್ಲಿಯೂ ಅದು ‘ಲಿಮ’ವೇ, ಇವೆಲ್ಲ ಆಸ್ಟ್ರೋನೇಷಿಯನ್ ಎಂಬ ಮಹಾಕುಟುಂಬದ ಭಾಷೆಗಳು. ತಂಬೋರಾದ ಎಣಿಕೆಯ ಪದಗಳಿಗೆ ಇವುಗಳ ಹೋಲಿಕೆಯಿಲ್ಲ. ಆ ಭಾಷೆ ಆಸ್ಟ್ರೋನೇಷಿಯನ್ ಅಲ್ಲವೆಂದೂ, ದೂರದ ನ್ಯೂಗಿನಿಯ ಕಡೆಯ ಪಾಪುವನ್ ಎಂದು ಕರೆಯುವ ಭಾಷೆಗಳ ಗುಂಪಿಗೆ ಸೇರಿಸಬೇಕಾದದ್ದೆಂದೂ 2007ರಲ್ಲಿ ಮಾರ್ಕ್ ಡೊನೊಹ್ಯೂ ಎಂಬ ಭಾಷಾವಿಜ್ಞಾನಿ ವಾದಿಸಿದನು. ಆ ಗುಂಪಿನಲ್ಲಿ ಅಷ್ಟು ಪಶ್ಚಿಮದಲ್ಲಿದ್ದ ಬೇರೆ ಭಾಷೆ ತಿಳಿದಿಲ್ಲ. ಆಸ್ಟ್ರೋನೇಷಿಯನ್ ಭಾಷಿಕರು ಬರುವುದಕ್ಕೆ ಮುಂಚೆ ಆ ದ್ವೀಪಗಳಲ್ಲಿದ್ದ ಜನರ ನುಡಿಯ ಕೊನೆಯ ಎಳೆ ಅದಾಗಿದ್ದಿರಬಹುದು. 1815ರ ಒಂದು ರಾತ್ರಿಯಲ್ಲಿ ಅದು ಕಡಿದುಹೋಯಿತು.

2004ರಲ್ಲಿ ಹರಾಲ್ಡುರ್ ಸಿಗುರ್ಡ್‌ಸನ್ ಎಂಬ ವಿಜ್ಞಾನಿಯ ತಂಡ ಪರ್ವತದ ಇಳಿಜಾರಿನಲ್ಲಿ ಸುಮಾರು ಮೂರು ಮೀಟರ್ ಬೂದಿಯನ್ನು ಅಗೆದು ಒಂದು ಮನೆಯನ್ನು ಹೊರತೆಗೆಯಿತು. ಇದ್ದಿಲಾದ ಮರದ ಕಂಬಗಳು, ಕಂಚಿನ ಬಟ್ಟಲುಗಳು, ಪಿಂಗಾಣಿಯ ಪಾತ್ರೆಗಳು ಮತ್ತು ಇಬ್ಬರು ಮನುಷ್ಯರ ಅವಶೇಷಗಳು ಅಲ್ಲಿ ದೊರೆತವು. ಬಟ್ಟಲು ನಮ್ಮ ಕಣ್ಣಮುಂದಿದೆ. ಅದನ್ನು ಹಿಡಿದವರು ಅದಕ್ಕೆ ಏನೆನ್ನುತ್ತಿದ್ದರೆಂಬುದು ಪಟ್ಟಿಯಲ್ಲಿಲ್ಲ. ಆ ಭಾಷೆಯಲ್ಲಿ ಬೆಂಕಿಯ ಹೆಸರು ಉಳಿದಿದೆ. ಬೆಂಕಿ ಬಂದಿತೆಂದು ಕೂಗುವ ಬಗೆ ಉಳಿದಿಲ್ಲ. ಏಕೆಂದರೆ ಅದರ ಒಂದು ಪೂರ್ಣ ವಾಕ್ಯವನ್ನೂ ಯಾರೂ ಬರೆದುಕೊಳ್ಳಲಿಲ್ಲ. ವಾಕ್ಯವಿಲ್ಲದ ಕಾರಣ ವ್ಯಾಕರಣವಿಲ್ಲ. ವ್ಯಾಕರಣವಿಲ್ಲದ ಕಾರಣ ಹಾಡು, ಗಾದೆ, ಒಗಟು, ಬೈಗುಳ ಯಾವುದನ್ನೂ ಮರಳಿ ಕಟ್ಟಲಾಗದು.

ನಮ್ಮ ಮುಂದಿರುವ ಕೆಲಸ

ಕನ್ನಡಕ್ಕೆ ತಂಬೋರಾದ ಗತಿ ಬಂದಿದೆಯೆಂದು ಹೇಳುವುದು ಅತಿಶಯೋಕ್ತಿಯಾದೀತು. ಕೋಟಿಗಟ್ಟಲೆ ಜನರ, ದೀರ್ಘ ಬರವಣಿಗೆಯ ಪರಂಪರೆಯುಳ್ಳ ಭಾಷೆ ನಮ್ಮದು. ಆದರೆ ಗಡಿಯ ಈಚೆ ನಾವಾಡುವ ಕನ್ನಡ ಪೂರ್ತಿಯಾಗಿ ಗ್ರಂಥಸ್ಥವಾಗಿಲ್ಲ. ಎಳೆಯ ಜೋಳದ ತೆನೆಯನ್ನು ಸುಟ್ಟು ತಿನ್ನುವುದಕ್ಕೆ ಅಜ್ಜಿಯರು ಸೀತನಿ ಎನ್ನುತ್ತಾರೆ. ಮೊಮ್ಮಕ್ಕಳಿಗೆ ಅದು ಹುರಡಾ ಎಂದರೆ ಬೇಗ ತಿಳಿಯುತ್ತದೆ. ಟ್ರ್ಯಾಕ್ಟರ್ ಬಂದ ಹೊಲದಲ್ಲಿ ಕೂರಿಗಿ, ಕುಂಟಿ, ಎಡಿ ಎಂಬ ಪದಗಳ ಸದ್ದು ಕ್ಷೀಣಿಸಿದೆ. ಮರಾಠಿ ಕಲಿಯುವುದು ದೋಷವಲ್ಲ. ಎರಡೂ ಭಾಷೆಗಳಲ್ಲಿ ಓದಿ ಬೆಳೆದವರಿಗೆ ಅದರ ಲಾಭ ಗೊತ್ತಿದೆ. ಒಂದನ್ನು ಕಲಿಯುವಾಗ ಇನ್ನೊಂದನ್ನು ದಾಖಲಿಸದೆ ಬಿಡುವುದು ದೋಷ. ಇಲ್ಲಿ ಪರ್ವತ ಸಿಡಿಯಬೇಕಿಲ್ಲ. ಒಬ್ಬ ಹಿರಿಯರು ತೀರಿಕೊಂಡರೆ ಕೆಲವು ಪದಗಳು ಅವರೊಡನೆಯೇ ಹೋಗುತ್ತವೆ.

ಆದಕಾರಣ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಒಂದು ಕ್ಷೇತ್ರಕಾರ್ಯವನ್ನು ಸೂಚಿಸುತ್ತೇನೆ. ನಿಮ್ಮ ಮನೆಯ ಅಥವಾ ಓಣಿಯ ಹಿರಿಯರೊಬ್ಬರ ಬಳಿ ಕುಳಿತು ಐವತ್ತು ಪದಗಳನ್ನು ಬರೆದುಕೊಳ್ಳಿರಿ. ಒಕ್ಕಲುತನ, ನೇಯ್ಗೆ, ಅಡುಗೆ, ಮಳೆಗಾಳಿ, ದೇವರು ದಿಂಡರು, ಬೇನೆ ಬೇಸರಿಕೆ, ಯಾವ ಕ್ಷೇತ್ರದ ಪದಗಳಾದರೂ ಆಗಬಹುದು. ಹೇಳಿದವರ ಊರು, ವಯಸ್ಸು, ಕಸುಬುಗಳನ್ನು ಬರೆಯಿರಿ. ಉಚ್ಚಾರಣೆಯನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿರಿ. ಅವರ ಬಾಯಲ್ಲಿ ಬಂದಂತೆಯೇ ಇರಲಿ. ಮರಾಠಿಯಲ್ಲಿ ಸಮಾನಪದವಿದ್ದರೆ ಪಕ್ಕದಲ್ಲಿ ಬರೆಯಿರಿ. ಪ್ರತಿ ಪದಕ್ಕೂ ಅವರು ಸಹಜವಾಗಿ ಆಡಿದ ಒಂದು ಪೂರ್ಣ ವಾಕ್ಯವನ್ನು ಬರೆದುಕೊಳ್ಳಿರಿ. ಉಳಿದ ಯಾವ ಕಲಮು ಖಾಲಿ ಉಳಿದರೂ ನಡೆದೀತು. ವಾಕ್ಯವನ್ನು ಮಾತ್ರ ಬಿಡಬೇಡಿರಿ.